ಕೆಳಗೆ ಕಾರ್ತಿಕ, ಮೇಲೆ ಮಾಘ

ನವೆಂಬರ್ ಕೊನೆಯ ಒಂದು ಶನಿವಾರ, ಬೆಳಗಿನ ಏಳು ಗಂಟೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫ್ರಾಂಕೋನಿಯಾ ನಾಚ್ ಕಣಿವೆಯಲ್ಲಿ ಹೆದ್ದಾರಿ ಬದಿಯ ಪಾರ್ಕಿಂಗ್ ಜಾಗ ಆಗಲೇ ಅರ್ಧ ತುಂಬಿದೆ. ಬಾಸ್ಟನ್ನಿನಿಂದ ಇಲ್ಲಿಗೆ ಎರಡು, ಎರಡೂವರೆ ತಾಸಿನ ದಾರಿ. ಕಾರಿನ ಡಿಕ್ಕಿಯ ಅಂಚಿನಲ್ಲಿ ಕೂತು ಬೂಟಿನ ಲಾಡಿ ಬಿಗಿಯುವವರು, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಳ್ಳುವವರು, ಸೆಲ್ಫಿಗೆ ನಿಂತವರು. ಕಾಲಡಿಯಲ್ಲಿ ಮೇಪಲ್, ಬೀಚ್ ಮರಗಳ ಒಣಗಿದ ಎಲೆ ಚರಚರ ಎನ್ನುತ್ತದೆ. ಚಳಿ ಇದೆ, ಆದರೆ ಒಂದು ಸ್ವೆಟರ್ ಹಾಕಿದರೆ ಸಾಕೆನ್ನಿಸುವಷ್ಟು.

ಕತ್ತೆತ್ತಿದರೆ ಮೇಲಿನ ನೋಟವೇ ಬೇರೆ. ಎಲೆ ಕಳಚಿದ ಕಂದು ಕಾಡು ಒಂದು ಮಟ್ಟದವರೆಗೆ ಏರಿ ಹಠಾತ್ತನೆ ನಿಂತುಬಿಟ್ಟಿದೆ; ಅದರಾಚೆ ಎಲ್ಲ ಬಿಳಿ. ಆ ಬಿಳಿಯ ಅಂಚಿನಿಂದ ಹೊಗೆಯಂಥದ್ದೇನೋ ಅಡ್ಡಡ್ಡ ಹಾರುತ್ತಿದೆ. ಮೋಡವಲ್ಲ ಅದು, ಗಾಳಿಗೆ ಎದ್ದ ಹಿಮದ ಪುಡಿ. ಕೆಳಗೆ ಕಾರ್ತಿಕ, ಮೇಲೆ ಮಾಘ. ಎರಡರ ನಡುವಿನ ಅಂತರ ಬರೀ ಒಂದು ಕಿಲೋಮೀಟರ್ ಏರು.

ಇದು ಫ್ರಾಂಕೋನಿಯಾ ರಿಜ್. ಲಿಟಲ್ ಹೇಸ್ಟ್ಯಾಕ್, ಲಿಂಕನ್, ಲಫಾಯೆಟ್ ಎಂಬ ಮೂರು ಶಿಖರಗಳನ್ನು ಹೊಲಿದಿಟ್ಟ ಉದ್ದನೆಯ ಬೆಟ್ಟದ ಬೆನ್ನು. ಒಂದು ಕಡೆಯಿಂದ ಹತ್ತಿ, ಬೆನ್ನ ಮೇಲೆ ನಡೆದು, ಇನ್ನೊಂದು ಕಡೆಯಿಂದ ಇಳಿದರೆ ಸುಮಾರು 14 ಕಿ.ಮೀ. ಸುತ್ತು. ಅಮೆರಿಕದ ಈಶಾನ್ಯ ಮೂಲೆಯಲ್ಲಿ ಇದಕ್ಕಿಂತ ಜನಪ್ರಿಯವಾದ ಚಾರಣದ ಹಾದಿ ಕಡಿಮೆ. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ನಮ್ಮವರೂ ವಾರಾಂತ್ಯಕ್ಕೆ ಇತ್ತ ಬರುತ್ತಾರೆ. ಬೇಸಿಗೆಯಲ್ಲಿ ಇದು ಸ್ವರ್ಗ, ನಡುಚಳಿಗಾಲದಲ್ಲಿ ತಯಾರಾದವರ ಸಾಹಸ. ತೊಂದರೆ ಇರುವುದು ಇವೆರಡರ ನಡುವೆ, ಅತ್ತ ಶರತ್ಕಾಲವೂ ಅಲ್ಲದ, ಇತ್ತ ಚಳಿಗಾಲವೂ ಆಗದ ಆ ಐದಾರು ವಾರಗಳಲ್ಲಿ.

ಕುಳ್ಳ ಬೆಟ್ಟದ ಮೋಸ

ಲಫಾಯೆಟ್ ಶಿಖರದ ಎತ್ತರ 1,600 ಮೀಟರ್. ನಮ್ಮ ಕುಮಾರ ಪರ್ವತ 1,712, ತಡಿಯಂಡಮೋಳ್ 1,748. ಕುಕ್ಕೆಯಿಂದ ಕುಮಾರ ಪರ್ವತ ಹತ್ತುವವರು ಒಟ್ಟಾರೆ ಇದಕ್ಕಿಂತ ಹೆಚ್ಚೇ ಏರುತ್ತಾರೆ. ಇಲ್ಲಿನ ಏರು 1,170 ಮೀಟರ್ ಆಸುಪಾಸು. ಈ ರಾಜ್ಯದ, ಅಷ್ಟೇಕೆ ಇಡೀ ಈಶಾನ್ಯ ಅಮೆರಿಕದ ಅತಿ ಎತ್ತರದ ಮೌಂಟ್ ವಾಷಿಂಗ್ಟನ್ ಕೂಡ 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಪಕ್ಕ ನಿಲ್ಲಿಸಿದರೆ ಅದೇ ತುಸು ಗಿಡ್ಡ. ಸಹ್ಯಾದ್ರಿಯಲ್ಲಿ ಕಾಲು ಪಳಗಿಸಿಕೊಂಡವರಿಗೆ ಈ ಅಂಕಿಗಳು ಧೈರ್ಯ ಕೊಡುತ್ತವೆ. ಕೊಡಬಾರದು.

ಬೆಟ್ಟದ ಎತ್ತರವನ್ನು ಮೀಟರಿನಲ್ಲಿ ಮಾತ್ರ ಅಳೆದರೆ ಅರ್ಧ ಲೆಕ್ಕ. ಅದು ಭೂಮಿಯ ಯಾವ ಅಕ್ಷಾಂಶದಲ್ಲಿದೆ ಎಂಬುದು ಉಳಿದರ್ಧ. ಫ್ರಾಂಕೋನಿಯಾ ಇರುವುದು 44 ಡಿಗ್ರಿ ಉತ್ತರದಲ್ಲಿ. ಹಿಮಾಲಯದಲ್ಲಿ ಮೂರೂವರೆ ಸಾವಿರ ಮೀಟರ್‌ವರೆಗೂ ಮರಗಳು ಬೆಳೆದರೆ ಇಲ್ಲಿ ಸುಮಾರು 1,400 ಮೀಟರ್‌ಗೇ ಕಾಡು ಕೈಚೆಲ್ಲುತ್ತದೆ. ಆ ಗಡಿಯ ಹತ್ತಿರ ಫರ್, ಸ್ಪ್ರೂಸ್ ಮರಗಳು ಸೊಂಟದೆತ್ತರಕ್ಕೆ, ಮತ್ತೂ ಮೇಲೆ ಮೊಣಕಾಲೆತ್ತರಕ್ಕೆ ಕುಗ್ಗಿ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಟ್ಟು ನೆಲಕ್ಕೆ ಅಂಟಿಕೊಂಡಿರುತ್ತವೆ. ಪೊದೆ ಎಂದುಕೊಂಡು ದಾಟುವ ಗಿಡ ನಿಜಕ್ಕೂ ದಶಕಗಳ ವಯಸ್ಸಿನ ಮರ. ಮರವೇ ನಿಲ್ಲಲಾರದ ಜಾಗ ಅದು. ಅಲ್ಲಿಂದಾಚೆ ಸುಮಾರು 2.7 ಕಿ.ಮೀ. ಬೆನ್ನಿನುದ್ದಕ್ಕೂ ಬಂಡೆ, ಹುಲ್ಲು, ಪಾಚಿ ಅಷ್ಟೇ. ಮರೆಗೆ ನಿಲ್ಲಲು ಒಂದು ಮರವಿಲ್ಲ.

ಗಾಳಿಯ ಲೆಕ್ಕ

ಮೇಲೇರಿದಂತೆ ಪ್ರತಿ ಕಿಲೋಮೀಟರ್‌ಗೆ ಆರೇಳು ಡಿಗ್ರಿ ಶಾಖ ಇಳಿಯುತ್ತದೆ. ಹಾಗಾಗಿ ಪಾರ್ಕಿಂಗ್‌ನಲ್ಲಿ 2 ಡಿಗ್ರಿ ಇದ್ದರೆ ಲಫಾಯೆಟ್ ತುದಿಯಲ್ಲಿ ಮೈನಸ್ 5. ಇದೇನೂ ದೊಡ್ಡ ಸಂಗತಿಯಲ್ಲ, ನಡೆಯುವ ಮೈಗೆ ಹಿತವೇ. ಗಂಟೆಗೆ 60 ಕಿ.ಮೀ. ಗಾಳಿ ಸೇರಿಸಿ: ಅದೇ ಮೈನಸ್ 5 ತೆರೆದ ಚರ್ಮಕ್ಕೆ ಮೈನಸ್ 16ರಂತೆ ತಾಗುತ್ತದೆ. ಮೈನಸ್ 10 ಇದ್ದರೆ ಮೈನಸ್ 23ರಂತೆ.

ಹವಾಮಾನ ವರದಿಗಳಲ್ಲಿ ಇದನ್ನೇ ‘ವಿಂಡ್ ಚಿಲ್’ ಎನ್ನುತ್ತಾರೆ. ನಮ್ಮ ಮೈ ತನ್ನ ಸುತ್ತ ಬಿಸಿಗಾಳಿಯ ತೆಳು ಪದರವೊಂದನ್ನು ಹೊದ್ದಿರುತ್ತದೆ. ಬೀಸುಗಾಳಿ ಆ ಪದರವನ್ನು ಕಿತ್ತೊಯ್ಯುತ್ತದೆ, ಮೈ ಮತ್ತೆ ಹುಟ್ಟಿಸುತ್ತದೆ, ಗಾಳಿ ಮತ್ತೆ ಒಯ್ಯುತ್ತದೆ. ಬಿಸಿ ಸಾರನ್ನು ಊದಿ ಆರಿಸುವ ತಂತ್ರವೇ ಇದು, ಇಲ್ಲಿ ಸಾರಿನ ಜಾಗದಲ್ಲಿ ನಾವು. ಇದನ್ನು ಮೊದಲು ಅಳೆದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು, 1940ರ ದಶಕದ ಆರಂಭದಲ್ಲಿ, ಅಂಟಾರ್ಕ್ಟಿಕಾದಲ್ಲಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡಿದರು. ಈಗ ಬಳಕೆಯಲ್ಲಿರುವ ಸೂತ್ರ 2001ರಲ್ಲಿ ಪರಿಷ್ಕರಿಸಿದ್ದು.

ಗಾಳಿಗೆ ಇನ್ನೊಂದು ಗುಣವಿದೆ. ಅದರ ವೇಗ ಇಮ್ಮಡಿಯಾದರೆ ತಳ್ಳುವ ಬಲ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಡಿಸೆಂಬರ್ ಮುಂಜಾನೆ ಹೆದ್ದಾರಿಯಲ್ಲಿ ಬೈಕನ್ನು ಎಂಬತ್ತರಲ್ಲಿ ಓಡಿಸಿದವರಿಗೆ ಹತ್ತು ನಿಮಿಷಕ್ಕೆ ಮೂಗು ಏನಾಗುತ್ತದೆಂದು ಗೊತ್ತು. ಬೈಕಾದರೆ ಬದಿಗೆ ನಿಲ್ಲಿಸಿ ಟೀ ಕುಡಿಯಬಹುದು. ಈ ಬೆನ್ನ ಮೇಲೆ ಒಂದು, ಒಂದೂವರೆ ತಾಸು ಆ ಗಾಳಿಯಲ್ಲೇ ನಡೆಯಬೇಕು.

ಇಷ್ಟು ಗಾಳಿ ಈ ಮೂಲೆಗೇ ಯಾಕೆ? ಪಶ್ಚಿಮದ ಮಹಾಸರೋವರಗಳ ಕಡೆಯಿಂದ ಬರುವ ಮಾರುತಗಳೂ ಅಟ್ಲಾಂಟಿಕ್ ಕರಾವಳಿಯುದ್ದಕ್ಕೆ ಏರಿಬರುವ ಚಂಡಮಾರುತಗಳೂ ಇತ್ತಲೇ ಹಾಯುತ್ತವೆ. ಅವುಗಳಿಗೆ ಅಡ್ಡಲಾಗಿ ಉತ್ತರ-ದಕ್ಷಿಣವಾಗಿ ಮಲಗಿದ ಬೆಟ್ಟಸಾಲು ಇದು. ಅಡ್ಡಗೋಡೆ ದಾಟಲು ಮೇಲೇರುವ ಗಾಳಿ ನೆತ್ತಿಯಲ್ಲಿ ಇರುಕಿಗೆ ಸಿಕ್ಕು ವೇಗ ಪಡೆಯುತ್ತದೆ, ಪೈಪಿನ ಬಾಯಿಗೆ ಬೆರಳಿಟ್ಟಾಗ ನೀರು ಚಿಮ್ಮುವಂತೆ. ಮೌಂಟ್ ವಾಷಿಂಗ್ಟನ್ ತುದಿಯಲ್ಲಿ 1932ರಿಂದ ಒಂದು ಹವಾಮಾನ ವೀಕ್ಷಣಾಲಯವಿದೆ. 1934ರ ಏಪ್ರಿಲ್ 12ರಂದು ಅಲ್ಲಿನ ಸಿಬ್ಬಂದಿ ಗಂಟೆಗೆ 372 ಕಿ.ಮೀ. ವೇಗದ ಗಾಳಿಯನ್ನು ದಾಖಲಿಸಿದರು. 1996ರಲ್ಲಿ ಆಸ್ಟ್ರೇಲಿಯಾದ ಬ್ಯಾರೋ ದ್ವೀಪದ ಮೇಲೆ ಬೀಸಿದ ಚಂಡಮಾರುತ ಅದನ್ನು ಮೀರಿಸುವವರೆಗೂ ಅದೇ ಜಗತ್ತಿನ ದಾಖಲೆಯಾಗಿತ್ತು. ಮುಳ್ಳಯ್ಯನಗಿರಿಗಿಂತ ಗಿಡ್ಡ ಬೆಟ್ಟ ಎಂದೆನಲ್ಲ, ಅದೇ ಬೆಟ್ಟ.

ಜನವರಿಗಿಂತ ನವೆಂಬರ್ ಕಪಟಿ

ಜನವರಿಯಲ್ಲಿ ಈ ಬೆಟ್ಟ ಹೆಚ್ಚು ಕ್ರೂರ, ಆದರೆ ಏನನ್ನೂ ಮುಚ್ಚಿಡುವುದಿಲ್ಲ. ಪಾರ್ಕಿಂಗ್‌ನಲ್ಲೇ ಮೈನಸ್ 15, ನೆಲದ ತುಂಬ ಹಿಮ; ನೋಡಿದವರಿಗೆ ಪ್ರಶ್ನೆಯೇ ಇಲ್ಲ, ಒಂದೋ ತಯಾರಾಗಿ ಹೋಗುತ್ತಾರೆ, ಇಲ್ಲವೇ ಕಾರು ತಿರುಗಿಸುತ್ತಾರೆ. ನವೆಂಬರ್ ಹಾಗಲ್ಲ. ಅದು ಕೆಳಗೆ ನಗುತ್ತಾ ಮಾತಾಡಿಸಿ ಮೇಲಕ್ಕೆ ಕಳಿಸುತ್ತದೆ.

ಮೊದಲನೆಯದು ತೇವ. ನಡುಚಳಿಗಾಲದ ಹಿಮ ಒಣಪುಡಿ, ಕೊಡವಿದರೆ ಉದುರುತ್ತದೆ. ನವೆಂಬರಿನಲ್ಲಿ ಸೊನ್ನೆ ಡಿಗ್ರಿಯ ಆಚೀಚೆ ತೂಗಾಡುವ ಗಾಳಿ ಕಾಡಿನಲ್ಲಿ ಮಳೆ ಸುರಿಸುತ್ತದೆ, ಮೇಲೆ ಅದೇ ಮಳೆಯನ್ನು ಹಿಮವಾಗಿಸುತ್ತದೆ. ಮೊದಲೆರಡು ತಾಸು ನೆನೆದು, ಮೂರನೆಯ ತಾಸಿಗೆ ಹೆಪ್ಪುಗಟ್ಟುವ ಗಾಳಿಗೆ ಮೈಯೊಡ್ಡುವುದು ಈ ತಿಂಗಳ ವಿಶೇಷ.

ಎರಡನೆಯದು ನೆಲ. ಫೆಬ್ರುವರಿ ಹೊತ್ತಿಗೆ ಸಾವಿರಾರು ಕಾಲುಗಳು ತುಳಿದು ಗಟ್ಟಿಯಾದ ಹಿಮದ ಹಾದಿ ಇರುತ್ತದೆ, ಬಂಡೆಗಳ ಸಂದುಗೊಂದು ಮುಚ್ಚಿಹೋಗಿರುತ್ತವೆ. ನವೆಂಬರಿನಲ್ಲಿ ಬಂಡೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆ, ಅದರ ಮೇಲೆ ನಾಲ್ಕು ಬೆರಳು ಹಿಮ. ಬೂಟಿಗೆ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್ ಹಾಕಿದರೆ ಕಲ್ಲಿಗೆ ತಾಗಿ ಕರಕರ ಅನ್ನುತ್ತದೆ, ಹಾಕದಿದ್ದರೆ ಜಾರುತ್ತದೆ. ತೊರೆಗಳು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ದಾಟುವ ಕಲ್ಲುಗಳ ಮೇಲೆ ಮಾತ್ರ ಸಿಂಪಡಿಕೆಯ ನೀರು ಗಾಜಿನಂತೆ ಕೂತಿರುತ್ತದೆ. ಮೇಲೆ ಹಾದಿ ತೋರಿಸಲು ಪೇರಿಸಿಟ್ಟ ಕಲ್ಲುಗುಪ್ಪೆಗಳೇ ದಿಕ್ಕು. ಮಂಜು ಕವಿದ ದಿನ ಅದರ ಹನಿಗಳು ತಾಗಿದ್ದಲ್ಲೇ ಹೆಪ್ಪುಗಟ್ಟಿ, ಕಲ್ಲುಗುಪ್ಪೆ, ಫಲಕ, ಬಂಡೆ ಎಲ್ಲಕ್ಕೂ ಗರಿಗರಿಯಾದ ಬಿಳಿ ಮೆತ್ತಿಕೊಳ್ಳುತ್ತದೆ. ಬಿಳಿ ಮಂಜಿನಲ್ಲಿ ಬಿಳಿ ಗುಪ್ಪೆಯನ್ನು ಹುಡುಕಬೇಕು.

ಮೂರನೆಯದು ಬೆಳಕು, ನನ್ನ ಪ್ರಕಾರ ಇದೇ ದೊಡ್ಡದು. ನವೆಂಬರ್ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಿಡುತ್ತಾರೆ. ತಿಂಗಳ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು ಸಂಜೆ ನಾಲ್ಕೂಕಾಲಿಗೆ! ಹಗಲು ಒಂಬತ್ತು ತಾಸು ಚಿಲ್ಲರೆ. ಬೆಂಗಳೂರಿನ ಅತಿ ಚಿಕ್ಕ ಹಗಲಿಗೂ ಹನ್ನೊಂದು ತಾಸು ದಾಟುವುದರಿಂದ, ನಾಲ್ಕು ಗಂಟೆಗೆ ಕತ್ತಲಾಗುತ್ತದೆಂಬುದು ನಮ್ಮವರ ಮೈಗೆ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಬೇಸಿಗೆಯಲ್ಲಿ ಏಳೆಂಟು ತಾಸು ಹಿಡಿಯುವ ಈ ಸುತ್ತು ಹಿಮದಲ್ಲಿ ಇನ್ನೂ ಎಳೆಯುತ್ತದೆ. ಒಂಬತ್ತಕ್ಕೆ ಹತ್ತಲು ಶುರುಮಾಡಿದವರು ಕತ್ತಲಲ್ಲಿ ಇಳಿಯುವುದು ಖಾತ್ರಿ.

ಇನ್ನೊಂದು ತಮಾಷೆಯೂ ಇದೆ. ಈ ರಾಜ್ಯದಲ್ಲಿ ನಾಲ್ಕು ಸಾವಿರ ಅಡಿ ಮೀರಿದ 48 ಶಿಖರಗಳಿವೆ, ಅವನ್ನೆಲ್ಲ ಹತ್ತಿ ಪಟ್ಟಿ ಮುಗಿಸುವ ಹುಚ್ಚು ಅನೇಕರಿಗೆ. ಚಳಿಗಾಲದಲ್ಲೇ ಎಲ್ಲವನ್ನೂ ಹತ್ತಿದವರದು ಬೇರೆ ಪಟ್ಟಿ, ಅದರ ಲೆಕ್ಕ ಆರಂಭವಾಗುವುದು ಡಿಸೆಂಬರ್ 21ರ ಆಸುಪಾಸಿನ ಅಯನದಿಂದ. ಅಂದರೆ ಪಟ್ಟಿಯ ಪ್ರಕಾರ ನವೆಂಬರ್ ಇನ್ನೂ ಚಳಿಗಾಲವೇ ಅಲ್ಲ. ಬೆಟ್ಟಕ್ಕೆ ಯಾರೂ ಇದನ್ನು ತಿಳಿಸಿಲ್ಲ.

ಹಳೆಯ ಕತೆಗಳನ್ನು ನೋಡಿದರೂ ಇದೇ. ಮೌಂಟ್ ವಾಷಿಂಗ್ಟನ್ನಿನ ಸಾವಿನ ಪಟ್ಟಿ ಶುರುವಾಗುವುದೇ 1849ರ ಅಕ್ಟೋಬರಿನಲ್ಲಿ, ಫ್ರೆಡರಿಕ್ ಸ್ಟ್ರಿಕ್‌ಲ್ಯಾಂಡ್ ಎಂಬ ಇಂಗ್ಲಿಷ್ ತರುಣನಿಂದ. ಹಿಮ ಬೀಳುತ್ತಿದೆಯೆಂದು ಮಾರ್ಗದರ್ಶಿ ಹಿಂತಿರುಗಿದ, ಇವನು ಮುಂದೆ ಹೋದ. 1855ರ ಸೆಪ್ಟೆಂಬರಿನಲ್ಲಿ ಲಿಜ್ಜಿ ಬೋರ್ನ್ ಎಂಬ ಯುವತಿ ಚಿಕ್ಕಪ್ಪ ಮತ್ತು ಅವರ ಮಗಳೊಂದಿಗೆ ಹತ್ತುತ್ತಾ ಕತ್ತಲೆ, ಮಂಜು, ಗಾಳಿಯಲ್ಲಿ ದಾರಿ ಕಾಣದೆ ಸತ್ತಳು. ಬೆಳಗಾದ ಮೇಲೆ ನೋಡಿದರೆ ಶಿಖರದ ತಂಗುಮನೆ ಕೆಲವು ನೂರು ಹೆಜ್ಜೆಯಷ್ಟೇ ದೂರದಲ್ಲಿತ್ತು. ಸೆಪ್ಟೆಂಬರ್, ಅಕ್ಟೋಬರ್, ಪಂಚಾಂಗದಲ್ಲಿ ಇನ್ನೂ ಎಲೆ ಉದುರುವ ಕಾಲ. ನಮ್ಮ ಕಾಲಕ್ಕೆ ಬಂದರೆ, 2022ರ ನವೆಂಬರಿನಲ್ಲಿ ಲಫಾಯೆಟ್ ಮೇಲೆ ಒಂಟಿಯಾಗಿ ಹೊರಟ ತರುಣಿಯೊಬ್ಬಳು ಹಾದಿ ತಪ್ಪಿ ಚಳಿಗೆ ಬಲಿಯಾದಳು.

ಮೈ ಆರಿಹೋಗುವ ಬಗೆ

ಚಳಿಯಿಂದ ಸಾಯುವುದೆಂದರೆ ಹಿಮದಲ್ಲಿ ಹೂತುಹೋಗುವುದೆಂದು ಸಿನಿಮಾ ನೋಡಿದ ನಾವು ಅಂದುಕೊಂಡಿರುತ್ತೇವೆ. ನಿಜದಲ್ಲಿ ಅದು ಬೆವರಿನಿಂದ ಶುರುವಾಗುತ್ತದೆ. ಪಾರ್ಕಿಂಗ್‌ನಲ್ಲಿ ಚಳಿಯೆಂದು ದಪ್ಪ ಜಾಕೆಟ್ ಹಾಕಿ ಕಡಿದಾದ ಏರು ಹತ್ತಿದವರ ಒಳಅಂಗಿ ಒಂದು ತಾಸಿನಲ್ಲಿ ತೊಯ್ದಿರುತ್ತದೆ. ಅದು ಹತ್ತಿಯ ಟೀ-ಶರ್ಟ್ ಆಗಿದ್ದರಂತೂ ಮುಗಿಯಿತು. ಹತ್ತಿ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ನೀರು ಗಾಳಿಗಿಂತ ಇಪ್ಪತ್ತೈದು ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಬೆಟ್ಟದ ಬೆನ್ನ ಮೇಲೆ ಗಾಳಿಗೆ ಸಿಕ್ಕಿದ ಕೂಡಲೆ ಆ ಒದ್ದೆ ಅಂಗಿ ಮೈಯ ಬಿಸಿಯನ್ನು ಹೊರಹಾಕುವ ಕೊಳವೆಯಾಗುತ್ತದೆ. ಅನುಭವಿಗಳು ಹೊರಡುವಾಗ ಬೇಕೆಂದೇ ತುಸು ಚಳಿ ಅನ್ನಿಸುವಷ್ಟು ಮಾತ್ರ ತೊಡುವುದು ಇದಕ್ಕೇ. ದಪ್ಪ ಜಾಕೆಟ್ ಇರುವುದು ನಿಂತಾಗ ಹಾಕಲು, ನಡೆಯುವಾಗಲ್ಲ.

ಮೈಯ ಒಳಗಿನ ಶಾಖ 37ರಿಂದ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಎರಡೇ ಡಿಗ್ರಿ. ಮೊದಲು ತಡೆಯಲಾರದ ನಡುಕ. ಮೈ ರಕ್ತವನ್ನು ಕೈಕಾಲಿನಿಂದ ಎದೆಯ ಕಡೆಗೆ ಎಳೆದುಕೊಳ್ಳುತ್ತದೆ, ಬೆರಳು ಮರಗಟ್ಟುತ್ತವೆ, ಜಿಪ್ ಎಳೆಯಲಾಗುವುದಿಲ್ಲ, ಹೀಗಾಗಿ ಚೀಲದಲ್ಲಿರುವ ಜಾಕೆಟ್ ಚೀಲದಲ್ಲೇ ಉಳಿಯುತ್ತದೆ. ಆಮೇಲೆ ಮುಗ್ಗರಿಕೆ, ತೊದಲು, ಸುಮ್ಮಸುಮ್ಮನೆ ಗೊಣಗಾಟ. ಶಾಖ ಇನ್ನೂ ಇಳಿದು 32ರಿಂದ ಕೆಳಗೆ ಹೋದಂತೆ ನಡುಕ ನಿಲ್ಲತೊಡಗುತ್ತದೆ. ನೋಡುವವರಿಗೆ ಸುಧಾರಿಸಿದಂತೆ ಕಾಣುತ್ತದೆ, ನಿಜವಾಗಿ ಮೈ ಸೋಲೊಪ್ಪಿಕೊಂಡ ಗಳಿಗೆ ಅದು. ಕೊನೆಕೊನೆಗೆ ಕೆಲವರಿಗೆ ಮೈಯೆಲ್ಲ ಉರಿದಂತಾಗಿ ಬಟ್ಟೆ ಕಿತ್ತೆಸೆಯುವುದೂ ಉಂಟು.

ಇದರಲ್ಲಿ ಅತ್ಯಂತ ಅಪಾಯಕಾರಿ ಭಾಗ ಬೆರಳಲ್ಲ, ತಲೆ. ತಣ್ಣಗಾದ ಮಿದುಳಿಗೆ ತಾನು ತಣ್ಣಗಾಗಿರುವುದು ಗೊತ್ತಾಗುವುದಿಲ್ಲ. “ನನಗೇನೂ ಆಗಿಲ್ಲ, ನಡೀರಿ” ಎಂದು ಹೇಳುವವನ ಮಾತನ್ನು ಕೇಳದೆ ಪಕ್ಕದವರು ಅವನ ಮುಖ ನೋಡಬೇಕು. ಒಂಟಿಯಾಗಿ ಹೋದವರಿಗೆ ಆ ಪಕ್ಕದವರು ಇರುವುದಿಲ್ಲ.

ಇದು ಎಲ್ಲೋ ಅಮೆರಿಕದ ಮಾತಲ್ಲ ಎಂಬುದನ್ನು ನಾವು ಕಲಿತದ್ದು 2024ರ ಜೂನ್‌ನಲ್ಲಿ. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ಅಲ್ಲಿನ ಎತ್ತರ ನಾಲ್ಕು ಸಾವಿರ ಮೀಟರ್‌ಗೂ ಮೇಲೆ, ಹಾಗಾಗಿ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಆದರೆ ತೆರೆದ ಜಾಗ, ಗಾಳಿ, ಮರೆಯಿಲ್ಲದಿರುವುದು ಎರಡೂ ಕಡೆ ಒಂದೇ. ಕ್ಯಾಲೆಂಡರಿನಲ್ಲಿ ಅದು ಬೇಸಿಗೆ.

ಹತ್ತುವ ದಾರಿ ಯಾವುದು

ಬೇಸಿಗೆಯಲ್ಲಿ ಬಹುತೇಕರು ಫಾಲಿಂಗ್ ವಾಟರ್ಸ್ ಎಂಬ ಜಲಪಾತಗಳ ಹಾದಿಯಿಂದ ಲಿಟಲ್ ಹೇಸ್ಟ್ಯಾಕ್ ಹತ್ತಿ, ಬೆನ್ನ ಮೇಲೆ ಉತ್ತರಕ್ಕೆ ನಡೆದು, ಲಫಾಯೆಟ್‌ನಿಂದ ಓಲ್ಡ್ ಬ್ರೈಡಲ್ ಪಾತ್ ಹಿಡಿದು ಇಳಿಯುತ್ತಾರೆ. ‘ಬ್ರೈಡಲ್’ ಎಂದರೆ ಕುದುರೆಯ ಕಡಿವಾಣ; ಹೆಸರೇ ಹೇಳುವಂತೆ ಅದು ಹಿಂದೆ ಕುದುರೆ ಏರುತ್ತಿದ್ದ ಹಾದಿ. ಆಗ ಶಿಖರದ ಮೇಲೊಂದು ತಂಗುಮನೆಯಿತ್ತು, ಅದರ ಕಲ್ಲಿನ ಅಡಿಪಾಯ ಇನ್ನೂ ಉಳಿದಿದೆ.

ಗಾಳಿ ಸಾಮಾನ್ಯವಾಗಿ ಬೀಸುವುದು ವಾಯವ್ಯದಿಂದ. ಹಾಗಾಗಿ ಈ ಕ್ರಮದಲ್ಲಿ ನಡೆದವರಿಗೆ ಬೆನ್ನಿನುದ್ದಕ್ಕೂ ಗಾಳಿ ಎಡಗೆನ್ನೆಗೆ ಬಡಿಯುತ್ತದೆ. ಕೊನೆಯಲ್ಲಿ ಎಲ್ಲಕ್ಕಿಂತ ದಣಿದಿರುವಾಗ, ಲಫಾಯೆಟ್‌ನಿಂದ ಪಶ್ಚಿಮಕ್ಕೆ ಇಳಿಯುವ 1.8 ಕಿ.ಮೀ. ಅದೇ ಗಾಳಿಗೆ ನೇರ ಮುಖಕೊಟ್ಟು ಇಳಿಯಬೇಕು. ಕಣ್ಣು ತೆರೆಯಲಾಗದೆ ಹಾದಿ ತಪ್ಪುವುದು ಇಂಥಲ್ಲಿ. ಅರ್ಧಕ್ಕೆ ಹಿಂತಿರುಗೋಣವೆಂದರೆ ಹಿಂದಿರುವುದೂ ಅಷ್ಟೇ ಬಯಲು.

ಹಾಗಾಗಿ ನವೆಂಬರಿನಲ್ಲಿ ಸುತ್ತು ಹಾಕುವ ಆಸೆ ಬಿಟ್ಟು, ಓಲ್ಡ್ ಬ್ರೈಡಲ್ ಪಾತ್‌ನಿಂದಲೇ ಹತ್ತಿ ಅಲ್ಲಿಂದಲೇ ಇಳಿಯುವುದು ಜಾಣತನವೆಂದು ನನ್ನ ಎಣಿಕೆ. ಆ ಹಾದಿಯಲ್ಲಿ 1,280 ಮೀಟರ್ ಎತ್ತರದಲ್ಲಿ ಗ್ರೀನ್‌ಲೀಫ್ ಹಟ್ ಎಂಬ ತಂಗುದಾಣ ಸಿಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಬಿಸಿ ಸೂಪು ಸಿಗುತ್ತದೆ, ಅಕ್ಟೋಬರ್ ನಡುವಿಗೆ ಬೀಗ ಬೀಳುತ್ತದೆ. ಬೀಗ ಹಾಕಿದ್ದರೂ ಅದರ ಗೋಡೆಯ ಮರೆಗೆ ನಿಂತು ಶಿಖರವನ್ನು ನೋಡಬಹುದು. ತುದಿ ಕಾಣುತ್ತಿದೆಯೇ? ಹಿಮಧೂಳು ಹಾರುತ್ತಿದೆಯೇ? ಗಂಟೆ ಎಷ್ಟಾಯಿತು? ಉತ್ತರ ಸರಿಬರದಿದ್ದರೆ ಅಲ್ಲೇ ತಿಂಡಿ ತಿಂದು ಇಳಿಯುವುದು. ಮನೆಯಿಂದ ಹೊರಡುವ ಮುನ್ನವೂ ಒಂದು ನೋಟ ಬೇಕು: ಮೌಂಟ್ ವಾಷಿಂಗ್ಟನ್ ವೀಕ್ಷಣಾಲಯ ಎತ್ತರದ ಶಿಖರಗಳಿಗೆಂದೇ ಪ್ರತಿದಿನ ಬೇರೆ ಮುನ್ಸೂಚನೆ ಕೊಡುತ್ತದೆ. ಫೋನಿನಲ್ಲಿ ಕಾಣುವ ಪಟ್ಟಣದ ಹವಾಮಾನ ಪಟ್ಟಣಕ್ಕಷ್ಟೇ.

ಚೀಲದೊಳಗೆ

ಬೇಕಾದ್ದರ ಪಟ್ಟಿ ಎಲ್ಲ ಕಡೆ ಸಿಗುತ್ತದೆ: ಉಣ್ಣೆಯ ಒಳಅಂಗಿ, ಗಾಳಿ ತಡೆಯುವ ಹೊರಅಂಗಿ, ಬೂಟಿಗೆ ಸಿಕ್ಕಿಸುವ ಮೈಕ್ರೋಸ್ಪೈಕ್, ಕಣ್ಣಿಗೆ ಗಾಗಲ್, ತಲೆಗೆ ಕಟ್ಟುವ ಟಾರ್ಚು. ಪಟ್ಟಿಯಲ್ಲಿ ಸಿಗದ ಸಣ್ಣಪುಟ್ಟದ್ದೇ ಹೆಚ್ಚು ಉಪಯೋಗಕ್ಕೆ ಬರುವುದು. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಬಾಯಿ ತೆರೆದಿರುತ್ತದೆ. ಕೊಳವೆಯಿಂದ ಹೀರುವ ನೀರಿನ ಚೀಲ ಇಲ್ಲಿ ನಿಷ್ಪ್ರಯೋಜಕ, ಕೊಳವೆ ಮೊದಲು ಕಟ್ಟುತ್ತದೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಫೋನು ಇರಬೇಕಾದದ್ದು ಎದೆಯ ಒಳಜೇಬಿನಲ್ಲಿ. ಐದು ಬೆರಳಿನ ಕೈಗವಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಚೀಲದಂಥ ಕೈಗವಸು ಬೆಚ್ಚಗೆ, ಅದರದ್ದೂ ಇನ್ನೊಂದು ಜೊತೆ ಬೇಕು. ಅಂಗಡಿಯ ಎನರ್ಜಿ ಬಾರ್ ಚಳಿಗೆ ಕಲ್ಲಾಗಿ ಹಲ್ಲು ಮುರಿಯುತ್ತದೆ. ಶೇಂಗಾ, ದ್ರಾಕ್ಷಿ, ತುಪ್ಪದ ಅವಲಕ್ಕಿ ಉಂಡೆಯಂಥದ್ದು ವಾಸಿ. ನವೆಂಬರ್ ಜಿಂಕೆ ಬೇಟೆಯ ಕಾಲವೂ ಹೌದು, ಹಾಗಾಗಿ ಕಾಡಿನಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಟೋಪಿಯನ್ನೂ ಹಾಕಿಕೊಳ್ಳುತ್ತಾರೆ.

ಹುಡುಕಿ ಬರುವವರು

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕುವ ಹೊಣೆ ‘ಫಿಶ್ ಅಂಡ್ ಗೇಮ್’ ಇಲಾಖೆಯದ್ದು, ಅಂದರೆ ಮೀನು ಮತ್ತು ಬೇಟೆಯ ಪರವಾನಗಿ ನೋಡಿಕೊಳ್ಳುವವರದ್ದು. ಜೊತೆಗೆ ಸಂಬಳವಿಲ್ಲದ ಸ್ವಯಂಸೇವಕರು. ವರ್ಷಕ್ಕೆ 25 ಡಾಲರ್ ಕೊಟ್ಟು ‘ಹೈಕ್ ಸೇಫ್’ ಕಾರ್ಡ್ ಕೊಂಡವರಿಂದ ಸಾಮಾನ್ಯವಾಗಿ ರಕ್ಷಣೆಯ ಖರ್ಚು ಕೇಳುವುದಿಲ್ಲ. ಕಾರ್ಡ್ ಇಲ್ಲದವರು ನಿರ್ಲಕ್ಷ್ಯದಿಂದ ಸಿಕ್ಕಿಬಿದ್ದರೆ ಬಿಲ್ಲು ಕಳಿಸಲು ಕಾನೂನಿದೆ. ಇದು ಕಠೋರ ಎನ್ನುವವರೂ ಇದ್ದಾರೆ. ಬಿಲ್ಲಿಗೆ ಹೆದರಿ ಜನ ಸಹಾಯ ಕೇಳಲು ತಡಮಾಡುತ್ತಾರೆಂಬುದು ಅವರ ವಾದ, ಅದರಲ್ಲಿ ಹುರುಳಿದೆ. ಆದರೆ ಇನ್ನೊಂದು ಪಕ್ಕವೂ ಇದೆ.

1982ರ ಜನವರಿಯಲ್ಲಿ ಮೌಂಟ್ ವಾಷಿಂಗ್ಟನ್ ಮೇಲೆ ಹ್ಯೂ ಹರ್ ಮತ್ತು ಜೆಫ್ ಬಾಟ್ಜರ್ ಎಂಬ ಇಬ್ಬರು ಹುಡುಗರು ಹಿಮಗಾಳಿಯಲ್ಲಿ ದಿಕ್ಕು ತಪ್ಪಿದರು. ಅವರನ್ನು ಹುಡುಕಲು ಹೋದ ಆಲ್ಬರ್ಟ್ ಡೌ ಎಂಬ ಸ್ವಯಂಸೇವಕ ಹಿಮಕುಸಿತಕ್ಕೆ ಸಿಕ್ಕಿ ಸತ್ತ. ಹುಡುಗರು ಮೂರು ರಾತ್ರಿ ಕಳೆದ ಮೇಲೆ ಸಿಕ್ಕರು. ಮೊಣಕಾಲಿನ ಕೆಳಗೆ ಎರಡೂ ಕಾಲು ಕಳೆದುಕೊಂಡ ಹ್ಯೂ ಹರ್ ತಾನೇ ರೂಪಿಸಿಕೊಂಡ ಕೃತಕ ಕಾಲುಗಳನ್ನು ತೊಟ್ಟು ಮತ್ತೆ ಬಂಡೆ ಹತ್ತಿದ, ಮುಂದೆ ಬಾಸ್ಟನ್ ಪಕ್ಕದ ಎಂಐಟಿಯಲ್ಲಿ ಪ್ರಾಧ್ಯಾಪಕನಾಗಿ ಯಂತ್ರದ ಕಾಲುಗಳನ್ನು ರೂಪಿಸಿದ. ಇಂದು ಜಗತ್ತಿನಲ್ಲಿ ಆ ಕ್ಷೇತ್ರದ ದೊಡ್ಡ ಹೆಸರುಗಳಲ್ಲಿ ಅವನದೊಂದು.

ಗಾಳಿಯಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ. ನಡೆಯಲಾಗದವರನ್ನು ಸ್ಟ್ರೆಚರಿನಲ್ಲಿ ಕಟ್ಟಿ, ಹತ್ತಾರು ಜನ ಸರದಿಯಲ್ಲಿ ಹೊತ್ತು, ಜಾರುವ ಬಂಡೆಗಳ ಮೇಲೆ ಅಂಗುಲಂಗುಲವಾಗಿ ಇಳಿಸಬೇಕು. ಹಗಲಲ್ಲಿ ಎರಡು ತಾಸಿನ ಇಳಿತ ರಾತ್ರಿಯೆಲ್ಲ ಹಿಡಿಯುತ್ತದೆ.

ಅಂಥ ಹುಡುಕಾಟಗಳು ಎಷ್ಟೋ ಸಲ ಶುರುವಾಗುವುದು ಪಾರ್ಕಿಂಗ್ ಜಾಗದಿಂದಲೇ. ಸಂಜೆ ಐದಕ್ಕೆ ಕತ್ತಲು ಗಟ್ಟಿಯಾಗಿರುತ್ತದೆ. ಒಂದೊಂದೇ ಕಾರಿನ ಹೆಡ್‌ಲೈಟು ಹೊತ್ತಿ, ಹೀಟರ್ ಸದ್ದು ಮಾಡಿ, ಬಾಸ್ಟನ್ ದಾರಿ ಹಿಡಿಯುತ್ತದೆ. ಎಂಟು ಗಂಟೆಗೆ ಗಸ್ತು ಬಂದವರು ಟಾರ್ಚು ಬಿಟ್ಟು ನೋಡುತ್ತಾರೆ: ಒಂದು ಕಾರು ಉಳಿದಿದೆ, ಗಾಜಿನ ಮೇಲೆ ಮಂಜು ಕೂತಿದೆ, ಹಿಂದಿನ ಸೀಟಿನಲ್ಲಿ ಯಾರೋ ಭಾರವೆಂದು ಬಿಟ್ಟುಹೋದ ದಪ್ಪ ಜಾಕೆಟ್.